ಆಫೀಸಿನಲ್ಲಿ ನಗಿಸಿದ ಜೋಕು ಕ್ಯಾಮೆರಾ ಮುಂದೆ ಯಾಕೆ ಸಾಯುತ್ತದೆ?

ಪ್ರಶ್ನೆ: ನನಗೆ 24 ವರ್ಷ. ಊರು ಬ್ಯಾಡಗಿ ಹತ್ತಿರ. ಬೆಂಗಳೂರಿನ ಒಂದು ಸಣ್ಣ ವಿಡಿಯೊ ಪ್ರೊಡಕ್ಷನ್ ಕಂಪನಿಯಲ್ಲಿ ಎಂಟು ತಿಂಗಳಿಂದ ಕಾಮಿಡಿ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಮೂರು ತಿಂಗಳಿಂದ ನಿರೂಪಣೆಯೂ ನನ್ನದೇ. ಆಫೀಸಿನಲ್ಲಿ ಜೋಕು ಹೇಳಿದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಅದೇ ಶೂಟ್ ಆಗಿ ಬಂದರೆ ನನಗೇ ನಗು ಬರುವುದಿಲ್ಲ. ನಿಮ್ಮ ಕಡೆ ಭಾಷೆ ಬೇಡ, ಎಲ್ಲರಿಗೂ ಅರ್ಥವಾಗೋ ಕನ್ನಡ ಮಾತಾಡು ಅಂತ ಡೈರೆಕ್ಟರ್ ಹೇಳುತ್ತಾರೆ. ವಿಡಿಯೊದಲ್ಲಿ ಬರೆದವನ ಹೆಸರೂ ಹಾಕುವುದಿಲ್ಲ. ಕೆಲಸ ಬಿಟ್ಟು ಸ್ವಂತ ಚಾನೆಲ್ ಶುರು ಮಾಡಲೇ? ಒಂದು ಸ್ಕ್ರಿಪ್ಟ್ ಜೊತೆಗೆ ಕಳಿಸಿದ್ದೇನೆ.

ಉತ್ತರ: ನಿಮ್ಮ ಸ್ಕ್ರಿಪ್ಟನ್ನು ಎರಡು ಸಲ ಓದಿದೆ. ಒಂದು ಸಲ ಕಣ್ಣಲ್ಲಿ, ಇನ್ನೊಂದು ಸಲ ಬಾಯಲ್ಲಿ. ಕಣ್ಣಲ್ಲಿ ಓದಿದಾಗ ಎರಡು ಕಡೆ ನಕ್ಕೆ. ಬಾಯಲ್ಲಿ ಓದಿದಾಗ ನಾಲಿಗೆ ತಡವರಿಸಿತು, ನಗು ಬರಲಿಲ್ಲ.

ಒಂದು ಕೇಳುತ್ತೇನೆ. ಆಫೀಸಿನಲ್ಲಿ ಜೋಕು ಹೇಳುವಾಗ ಕಾಗದ ನೋಡಿಕೊಂಡು ಹೇಳುತ್ತೀರಾ? ಇರಲಿಕ್ಕಿಲ್ಲ. ಟೀ ಲೋಟ ಹಿಡಿದು, ಕೈ ಆಡಿಸಿಕೊಂಡು, ನಿಮ್ಮ ಮಾತಿನಲ್ಲೇ ಹೇಳಿರುತ್ತೀರಿ. ಆಮೇಲೆ ಸೀಟಿಗೆ ಹೋಗಿ ಅದನ್ನೇ ‘ನೀಟಾಗಿ’ ಟೈಪ್ ಮಾಡುತ್ತೀರಿ. ಅಂದರೆ ಆಫೀಸು ನಕ್ಕಿದ್ದು ಒಂದು ಜೋಕಿಗೆ, ಕ್ಯಾಮೆರಾ ಮುಂದೆ ಹೋಗಿದ್ದು ಬೇರೆಯದೇ ಒಂದು. ನಿಮ್ಮ ಪಿಜಿ ಊಟದ ಭಾಗವನ್ನೇ ತಗೊಳ್ಳಿ. ನೀವು ಬರೆದಿರುವುದು ಹೀಗೆ:

‘ಸ್ನೇಹಿತರೇ, ನಮ್ಮ ಪಿಜಿಯಲ್ಲಿ ಕೊಡುವ ಸಾಂಬಾರ್ ಎಷ್ಟು ತೆಳುವಾಗಿರುತ್ತದೆ ಎಂದರೆ, ಒಂದು ದಿನ ಅದರಲ್ಲಿ ನನಗೆ ಒಂದೇ ಒಂದು ಬೇಳೆ ಸಿಕ್ಕಿತು. ನಾನು ಓನರ್ ಬಳಿ ಹೋಗಿ ಅದನ್ನು ತೋರಿಸಿದಾಗ ಅವರು ಅದು ನಿನ್ನದಲ್ಲ, 304ರವರದ್ದು, ವಾಪಸ್ ಹಾಕಿಬಿಡು ಎಂದು ನನಗೆ ಹೇಳಿದರು. ಅಂದರೆ ಇಡೀ ಪಿಜಿಗೆ ಒಂದೇ ಬೇಳೆ ಸ್ನೇಹಿತರೇ!’

ಜೋಕು ಚೆನ್ನಾಗಿದೆ. ನಗು ಇರುವುದು ‘304ರವರದ್ದು’ ಅನ್ನುವ ಒಂದು ಪದದಲ್ಲಿ. ಆದರೆ ಆ ಪದ ಆದ ಮೇಲೆ ಎಷ್ಟು ಪದಗಳಿವೆ ಎಣಿಸಿ. ಹನ್ನೊಂದು! ನೋಡುವವರಿಗೆ ನಗು ಬಂದಿದ್ದರೂ ಆ ಹನ್ನೊಂದು ಪದ ಮುಗಿಯುವಷ್ಟರಲ್ಲಿ ಆರಿಹೋಗಿರುತ್ತದೆ. ಮೊದಲೇ ‘ಎಷ್ಟು ತೆಳು ಎಂದರೆ’ ಅಂತ ಗುಟ್ಟು ಬಿಟ್ಟುಕೊಟ್ಟಿದ್ದೀರಿ. ಕೊನೆಗೆ ‘ಅಂದರೆ ಇಡೀ ಪಿಜಿಗೆ ಒಂದೇ ಬೇಳೆ’ ಅಂತ ಅರ್ಥ ಬಿಡಿಸಿ ಬೇರೆ ಹೇಳಿದ್ದೀರಿ. ನಗುವ ಕೆಲಸ ಅವರದು. ಅದನ್ನೂ ನೀವೇ ಮಾಡಿದರೆ ಅವರು ಏನು ಮಾಡಬೇಕು?

ನೀವು ಆಫೀಸಿನಲ್ಲಿ ಇದನ್ನು ಹೇಗೆ ಹೇಳಿರಬಹುದು ಅಂತ ಊಹಿಸಿ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ, ನಾನು ನಿಮ್ಮ ಕಡೆಯವನಲ್ಲ.

‘ಮೊನ್ನಿ ನಮ್ ಪಿಜಿ ಸಾಂಬಾರ್‌ನ್ಯಾಗ ಒಂದ್ ಬ್ಯಾಳಿ ಸಿಕ್ತ್ರೀ. ಖುಷಿ ಆತು. ಓನರ್‌ಗ ತೋರ್ಸಿದೆ. ಗಾಬರಿ ಆಗಿಬಿಟ್ಟ. ಏನಂದ ಗೊತ್ತೇನ್ರೀ? “ಅಯ್ಯೋ, ವಾಪಸ್ ಹಾಕಪ್ಪ ಅದನ್ನ. ಅದು... 304ರವರದ್ದು.”’

ಮುಗೀತು. ಮುಂದಿನ ಜೋಕಿಗೆ ಹೋಗಿ.

ಇಲ್ಲಿ ‘ಎಂದು ಹೇಳಿದರು’ ಎಲ್ಲಿ ಹೋಯಿತು ನೋಡಿದಿರಾ? ಮುಂದಕ್ಕೆ ಬಂದು ‘ಏನಂದ ಗೊತ್ತೇನ್ರೀ’ ಆಯಿತು. ಇದು ಸಣ್ಣ ಕೈಚಳಕ ಅಲ್ಲ. ಕನ್ನಡದಲ್ಲಿ ಜೋಕು ಬರೆಯುವವರೆಲ್ಲ ಒಂದಲ್ಲ ಒಂದು ದಿನ ಈ ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ. ನಮ್ಮ ಬರಹದ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ. ಎಂದನು, ಹೇಳಿದಳು, ಆಗಿತ್ತು, ಇರುತ್ತದೆ. ನಗಿಸುವ ಪದ ಅದಕ್ಕಿಂತ ಮುಂಚೆ ಬಂದು, ಹಿಂದೆ ಬಾಲ ಉಳಿಯುತ್ತದೆ. ಇಂಗ್ಲಿಷ್ ಸ್ಟ್ಯಾಂಡಪ್ ನೋಡಿ ಕಲಿತವರಿಗೆ ಇದು ಜಾಸ್ತಿ ಕಾಡುತ್ತದೆ. ಇಂಗ್ಲಿಷಿನಲ್ಲಿ ‘ಹೇಳಿದ’ ಅನ್ನುವುದು ಮೊದಲು ಬರುತ್ತದೆ, ಹೇಳಿದ ಮಾತು ಆಮೇಲೆ. ಹಾಗಾಗಿ ಪಂಚ್, ಅಂದರೆ ನಗಿಸುವ ಪದ, ಸಲೀಸಾಗಿ ಕೊನೆಗೆ ಬೀಳುತ್ತದೆ. ಅದನ್ನು ಹಾಗೇ ಕನ್ನಡಕ್ಕೆ ತಂದರೆ ಬಾಲ ಬೆಳೆಯುತ್ತದೆ.

ಆದರೆ ನಮ್ಮ ಮಾತು ಈ ಸಮಸ್ಯೆಯನ್ನು ಯಾವತ್ತೋ ಬಗೆಹರಿಸಿಕೊಂಡಿದೆ. ‘ಬಂದ ನೋಡು ನಮ್ಮಪ್ಪ’, ‘ಎಲ್ಲಿಟ್ಟಿದೀಯೇ ನನ್ನ ಕನ್ನಡಕ’. ಇಲ್ಲಿ ಕ್ರಿಯಾಪದ ಮುಂದೆ, ಬೇಕಾದ ಪದ ಹಿಂದೆ. ಹರಿಕಥೆ ದಾಸರು ‘ಆಗ ಆ ಮಹಾರಾಯ ಏನಂತಾನಪ್ಪಾ ಅಂದ್ರೆ...’ ಅಂತ ನಿಲ್ಲಿಸಿ, ಹಾರ್ಮೋನಿಯಮ್ಮಿನವನ ಕಡೆ ಒಂದು ಸಲ ನೋಡಿ, ಆಮೇಲೆ ಮಾತು ಬಿಡುತ್ತಾರಲ್ಲ, ಅದೇ ಇದು. ನಿಮ್ಮ ಅಜ್ಜಿ ಪಕ್ಕದ ಮನೆ ಸುದ್ದಿ ಹೇಳುವಾಗಲೂ ಇದನ್ನೇ ಮಾಡುತ್ತಾರೆ. ಯಾವ ಪುಸ್ತಕವನ್ನೂ ಓದದೆ ಟೈಮಿಂಗ್ ಕಲಿತಿರುತ್ತಾರೆ. ನೀವೂ ಕಲಿತಿದ್ದೀರಿ, ಟೈಪ್ ಮಾಡುವಾಗ ಮರೆಯುತ್ತೀರಿ ಅಷ್ಟೇ.

ಅದಕ್ಕೇ ನನ್ನದು ಒಂದೇ ಹಟ. ಮೊದಲು ಹೇಳಿ, ಆಮೇಲೆ ಬರೆಯಿರಿ. ಮೊಬೈಲಿನ ರೆಕಾರ್ಡರ್ ಆನ್ ಮಾಡಿ, ಗೆಳೆಯನಿಗೆ ಹೇಳಿದ ಹಾಗೆ ಮೂರು ಸಲ ಹೇಳಿ. ಮೂರನೇ ಸಲ ಹೇಳಿದ್ದನ್ನು ಇದ್ದ ಹಾಗೇ ಬರೆದುಕೊಳ್ಳಿ, ತಡವರಿಕೆ ಸಮೇತ. ಅದರಿಂದ ಪದ ತೆಗೆಯಿರಿ. ಸೇರಿಸಬೇಡಿ. ನಾನು ಇಪ್ಪತ್ತು ವರ್ಷದಿಂದ ಟಿವಿಗೆ, ಆಮೇಲೆ ವೆಬ್ ವಿಡಿಯೊಗಳಿಗೆ ಬರೆಯುತ್ತಿದ್ದೇನೆ. ಈಗಲೂ ಮನೆಯಲ್ಲಿ ಒಬ್ಬನೇ ಗೋಡೆ ಜೊತೆ ಮಾತಾಡುತ್ತೇನೆ. ಮನೆಯವರಿಗೆ ಅಭ್ಯಾಸ ಆಗಿದೆ, ಹೊಸ ಕೆಲಸದವರಿಗೆ ಮಾತ್ರ ಮುಂಚೆಯೇ ಹೇಳಿಡಬೇಕು.

ಈಗ ಭಾಷೆಯ ವಿಷಯ. ಡೈರೆಕ್ಟರ್ ಹೇಳಿದ್ದು ಮುಕ್ಕಾಲು ತಪ್ಪು, ಕಾಲು ಭಾಗ ಸರಿ.

ಮುಕ್ಕಾಲು ಯಾಕೆ ತಪ್ಪು ಅಂದರೆ, ಕನ್ನಡದಲ್ಲಿ ನಗಿಸಿದವರು ಯಾರೂ ‘ಎಲ್ಲರಿಗೂ ಅರ್ಥವಾಗುವ ಕನ್ನಡ’ ಅನ್ನುವುದನ್ನು ಮಾತಾಡಿಯೇ ಇಲ್ಲ. ಕೈಲಾಸಂ ನಾಟಕಕ್ಕೆ ತಂದಿದ್ದು ಆಗಿನ ಓದಿದ ಮನೆಗಳ ಅರ್ಧ ಇಂಗ್ಲಿಷ್ ಬೆರೆತ ಕನ್ನಡವನ್ನು. ಗಂಗಾವತಿ ಪ್ರಾಣೇಶ್ ಕೊಪ್ಪಳ ಕಡೆಯ ಮಾತಿನಲ್ಲೇ ಹೇಳುತ್ತಾರೆ, ಮೈಸೂರಿನವರೂ ಅಮೆರಿಕದ ಕನ್ನಡ ಸಂಘದವರೂ ಕೂತು ನಗುತ್ತಾರೆ. ಪ್ರೊ. ಕೃಷ್ಣೇಗೌಡರ ಮಾತಿನಲ್ಲಿ ಹಳೇ ಮೈಸೂರಿನ ಹಳ್ಳಿ ಹಾಗೇ ಕೇಳಿಸುತ್ತದೆ. ಎಲ್ಲರದ್ದೂ ಅವರವರ ಮನೆಯ ಕನ್ನಡ. ‘ಎಲ್ಲರ ಕನ್ನಡ’ ಇರುವುದು ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟಿನಲ್ಲಿ. ಅದನ್ನು ಕೇಳಿ ಯಾರಾದರೂ ನಕ್ಕಿದ್ದು ನೋಡಿದ್ದೀರಾ?

ಕಾಲು ಭಾಗ ಯಾಕೆ ಸರಿ? ಪಂಚ್ ಇರುವ ಜಾಗದಲ್ಲಿ ಕೇಳುಗರು ಯೋಚನೆ ಮಾಡುವಂತಿರಬಾರದು. ಉಳ್ಳಾಗಡ್ಡಿ ಅಂದರೆ ಈರುಳ್ಳಿ ಅಂತ ಮಂಡ್ಯದವರಿಗೆ ಹೊಳೆಯುವುದಕ್ಕೆ ಒಂದು ಸೆಕೆಂಡ್ ಬೇಕು. ಆ ಒಂದು ಸೆಕೆಂಡಿನಲ್ಲಿ ನಗು ಹೋಯಿತು. ಹಾಗಂತ ಪದ ಬದಲಿಸಬೇಡಿ. ಮೊದಲೇ ಕೈಯಲ್ಲಿ ಈರುಳ್ಳಿ ಹಿಡಿದು ‘ಈ ಉಳ್ಳಾಗಡ್ಡಿ ಐತಲ್ರೀ...’ ಅಂತ ಶುರು ಮಾಡಿ. ಕಣ್ಣಿಗೆ ಕಂಡ ಮೇಲೆ ಪದ ಅವರದ್ದೂ ಆಗುತ್ತದೆ. ಅರ್ಧ ನಿಮಿಷ ಬಿಟ್ಟು ಅದೇ ಪದದ ಮೇಲೆ ಪಂಚ್ ಹೊಡೆಯಿರಿ. ವಿಡಿಯೊ ಅನ್ನುವುದು ಇರುವುದೇ ಇದಕ್ಕೆ. ರೇಡಿಯೊದವರಿಗೆ ಈ ಭಾಗ್ಯ ಇಲ್ಲ.

ಇನ್ನೊಂದು ಎಚ್ಚರ. ಉತ್ತರ ಕರ್ನಾಟಕದ ಮಾತನ್ನೋ ಮಂಗಳೂರಿನ ಮಾತನ್ನೋ ಎಳೆದು ಆಡಿದರೆ ಸಾಕು, ಅದೇ ಜೋಕು ಅನ್ನುವ ಹಳೇ ಚಾಳಿ ನಮ್ಮ ಸಿನಿಮಾ, ಟಿವಿ ಎರಡರಲ್ಲೂ ಇದೆ. ನಾನೂ ಬರೆದಿದ್ದೇನೆ, ಈಗ ನೋಡಿದರೆ ನಾಚಿಕೆಯಾಗುತ್ತದೆ. ಆ ಭಾಷೆಯಲ್ಲಿ ಆಡಿದ ಮಾತು ನಗಿಸಬೇಕು, ಭಾಷೆಯೇ ನಗೆಪಾಟಲಾಗಬಾರದು. ನೀವು ಆ ಭಾಷೆಯನ್ನೇ ಆಡುವವರು. ನಿಮಗೆ ಈ ವ್ಯತ್ಯಾಸ ನನಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಅಂದಹಾಗೆ, ಬ್ಯಾಡಗಿ ಕಡೆಯವರಾಗಿ ಪಿಜಿ, ಟ್ರಾಫಿಕ್, ಟೆಕ್ಕಿ ಅಂತ ಬರೆಯುತ್ತಿದ್ದೀರಲ್ಲ, ನಿಮ್ಮೂರಿನ ಮೆಣಸಿನಕಾಯಿ ಏನು ಪಾಪ ಮಾಡಿತ್ತು? ಬಣ್ಣ ಜಾಸ್ತಿ, ಖಾರ ಕಡಿಮೆ. ಅದರ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆ. ಡೈರೆಕ್ಟರಿಗೆ ಹೇಳಿ ನೋಡಿ: ‘ನಮ್ಮೂರ ಮೆಣಸಿನಕಾಯಿ ನಿಮ್ಮ ತುಟಿ ಮ್ಯಾಲ ನಡೀತೈತಿ, ನಮ್ಮೂರ ಮಾತು ಯಾಕ ನಡ್ಯಾಂಗಿಲ್ಲ?’ ಕೆಲಸ ಹೋದರೆ ನಾನು ಜವಾಬ್ದಾರನಲ್ಲ. ಆದರೆ ಇದೇ ಒಂದು ಎರಡು ನಿಮಿಷದ ವಿಡಿಯೊ ಆಗುತ್ತದೆ. ಪಿಜಿ ಸಾಂಬಾರಿನ ಬಗ್ಗೆ ಬೆಂಗಳೂರಿನಲ್ಲಿ ಯಾರು ಬೇಕಾದರೂ ಬರೆಯಬಹುದು. ಮೆಣಸಿನಕಾಯಿ ಮಾರ್ಕೆಟ್ಟಿನ ಘಾಟಿಗೆ ಸೀನುತ್ತಲೇ ವ್ಯಾಪಾರ ಮಾಡುವವರ ಬಗ್ಗೆ ನೀವೇ ಬರೆಯಬೇಕು.

ವಿಷಯ ಹುಡುಕುವಾಗ ಇದೇ ಲೆಕ್ಕ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ ಫ್ರೀ ಆಯಿತಲ್ಲ, ಅದಾದ ಸ್ವಲ್ಪ ದಿನದಲ್ಲೇ ನನ್ನ ಮುಂದೆ ಬಂದ ಸ್ಕ್ರಿಪ್ಟುಗಳೆಲ್ಲ ಒಂದೇ ಜೋಕಿನವು. ಗಂಡ ಬುರ್ಖಾ ಹಾಕಿಕೊಂಡೋ ಸೀರೆ ಉಟ್ಟುಕೊಂಡೋ ಬಸ್ ಹತ್ತುತ್ತಾನೆ. ಎಲ್ಲರೂ ಬೇರೆ ಬೇರೆ ಊರಿನ ಹುಡುಗರು, ಯಾರೂ ಕದ್ದಿದ್ದಲ್ಲ. ಮೊದಲು ಹೊಳೆಯುವುದು ಎಲ್ಲರಿಗೂ ಅದೇ. ನಾನು ಮೊದಲ ಮೂರು ಐಡಿಯಾ ಬರೆದು ಹರಿದು ಹಾಕುತ್ತೇನೆ. ಬರೆಯದೇ ಬಿಟ್ಟರೆ ತಲೆಯಲ್ಲೇ ಕೂತಿರುತ್ತವೆ, ಅದಕ್ಕೇ ಬರೆದು ಹರಿಯುವುದು. ಆ ಸಲ ಕೊನೆಗೆ ನಮಗೆ ಒಳ್ಳೆಯದು ಸಿಕ್ಕಿದ್ದು ಕಂಡಕ್ಟರ್ ಕಡೆಯಿಂದ. ಟಿಕೆಟ್ ಹಿಂದೆ ಚಿಲ್ಲರೆ ಬರೆದುಕೊಡುವ ಅಭ್ಯಾಸ ಕೈಗೆ ಹತ್ತಿಬಿಟ್ಟಿದೆ ಅವನಿಗೆ. ಈಗ ಸೊನ್ನೆ ರೂಪಾಯಿ ಟಿಕೆಟ್ ಹಿಂದೆಯೂ ಏನೋ ಬರೆಯುತ್ತಾನೆ. ಏನು ಬರೆದೆಯಪ್ಪಾ ಅಂತ ನೋಡಿದರೆ, ‘ಆಮೇಲೆ ಕೊಡ್ತೀನಿ’.

ಇನ್ನು ನಿರೂಪಣೆ. ಬರೆಯುವವರೇ ಕ್ಯಾಮೆರಾ ಮುಂದೆ ನಿಂತರೆ ಅನುಕೂಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಕಷ್ಟ. ಬರೆದವನಿಗೆ ಪ್ರತಿ ಪದದ ಮೇಲೂ ಪ್ರೀತಿ ಇರುತ್ತದೆ. ಒಂದು ಪದ ತಪ್ಪಿದರೆ ಮುಖದಲ್ಲಿ ಕಾಣುತ್ತದೆ. ನಾನು ಮೊದಲ ಸಲ ನಿಂತಿದ್ದು ಒಂದು ಕೇಬಲ್ ಚಾನೆಲ್ಲಿಗೆ. ನಾಲ್ಕು ಪುಟ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮೂರನೇ ಟೇಕ್ ಆದಮೇಲೆ ಕ್ಯಾಮೆರಾಮನ್ ಕ್ಯಾಮೆರಾದಿಂದ ಕಣ್ಣು ತೆಗೆದು, ‘ಸರ್, ಫ್ಯಾನಲ್ಲಿ ಏನಾದ್ರೂ ಸಿಕ್ಕಾಕೊಂಡಿದ್ಯಾ?’ ಅಂದರು. ಮುಂದಿನ ಸಾಲು ನೆನಪು ಮಾಡಿಕೊಳ್ಳಲು ನನ್ನ ಕಣ್ಣು ಪ್ರತಿ ಸಲ ಮೇಲಕ್ಕೆ ಹೋಗುತ್ತಿತ್ತಂತೆ. ಅವತ್ತಿನಿಂದ ಬಾಯಿಪಾಠ ಬಿಟ್ಟೆ. ಪಂಚ್ ಇರುವ ಸಾಲು ಮಾತ್ರ ಅಕ್ಷರ ಬಿಡದೆ ನೆನಪಿರಬೇಕು. ಅಲ್ಲಿಗೆ ಹೋಗುವ ದಾರಿ ಪ್ರತಿ ಟೇಕಿನಲ್ಲಿ ಬೇರೆಯಾದರೂ ಪರವಾಗಿಲ್ಲ.

ಟೆಲಿಪ್ರಾಂಪ್ಟರ್, ಅಂದರೆ ನೋಡಿ ಓದಲು ಸ್ಕ್ರಿಪ್ಟ್ ಓಡಿಸುವ ಪರದೆ, ಇದ್ದರೆ ಒಂದು ಎಚ್ಚರ. ಸ್ಕ್ರಿಪ್ಟನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ಇನ್ನೂ ಎಷ್ಟೋ ಕಡೆ ‘ನುಡಿ’ ಅನ್ನುವ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಮಾಡಿಟ್ಟಿರುತ್ತಾರೆ. ಅದನ್ನು ಪ್ರಾಂಪ್ಟರ್ ಆ್ಯಪಿಗೆ ಹಾಕಿದರೆ ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು. ಲೈಟ್ ಬಿದ್ದು, ಮೇಕಪ್ ಆಗಿ, ಎಲ್ಲರೂ ನಿಮ್ಮ ಮುಖ ನೋಡುತ್ತಿರುವಾಗ ಅದು ಗೊತ್ತಾಗುವುದು ಬೇಡ. ಸಾಲು ಮುರಿಯುವುದನ್ನು ಪದದ ಲೆಕ್ಕದಲ್ಲಿ ಮಾಡಬೇಡಿ, ಉಸಿರಿನ ಲೆಕ್ಕದಲ್ಲಿ ಮಾಡಿ. ಪಂಚ್ ಪದ ಯಾವಾಗಲೂ ಹೊಸ ಸಾಲಿನಲ್ಲಿ ಒಂಟಿಯಾಗಿರಲಿ. ಕಣ್ಣಿಗೆ ಅದು ತಡವಾಗಿ ಕಂಡರೆ ಬಾಯಿ ತಾನಾಗಿ ಅರೆಕ್ಷಣ ನಿಲ್ಲುತ್ತದೆ.

ನಿಮ್ಮ ‘ನನಗೇ ನಗು ಬರಲ್ಲ’ ಅನ್ನುವುದಕ್ಕೆ ಇನ್ನೊಂದು ಕಾರಣ ಇರಬಹುದು. ಆಫೀಸಿನಲ್ಲಿ ನಗುವವರಿದ್ದರು, ಲೆನ್ಸ್ ನಗುವುದಿಲ್ಲ. ಸ್ಟೇಜಿನ ಮೇಲೆ ಹಾಸ್ಯ ಹೇಳುವವರು ನಗು ಏರಿ ಇಳಿಯುವವರೆಗೆ ಕಾಯುತ್ತಾರೆ, ಅದರ ಮೇಲೆಯೇ ಮುಂದಿನ ಮಾತು ಕಟ್ಟುತ್ತಾರೆ. ಕ್ಯಾಮೆರಾ ಮುಂದೆ ಹಾಗೆ ಕಾದರೆ ಖಾಲಿ ಮೌನ ರೆಕಾರ್ಡ್ ಆಗುತ್ತದೆ. ಕಾಯದೆ ಓಡಿದರೆ ಗಾಬರಿ ಕಾಣುತ್ತದೆ. ಕೆಲವರು ತಮ್ಮ ಜೋಕಿಗೆ ತಾವೇ ನಕ್ಕು ಆ ಜಾಗ ತುಂಬುತ್ತಾರೆ. ಅದು ಬೇಡವೇ ಬೇಡ. ನಾನು ಮಾಡಿಸುವುದು ಇಷ್ಟು. ಲೆನ್ಸ್ ಪಕ್ಕದಲ್ಲೇ, ಅಂಟಿಕೊಂಡ ಹಾಗೆ, ಸ್ಕ್ರಿಪ್ಟ್ ಓದಿರದ ಒಬ್ಬರನ್ನು ಕೂರಿಸುತ್ತೇನೆ. ಲೈಟ್ ಬಾಯ್ ಆದರೆ ಇನ್ನೂ ಒಳ್ಳೆಯದು. ಮೊದಲ ಟೇಕಿನಲ್ಲಿ ಅವರಿಗೆ ಹೇಳಿ. ಅವರು ಎಲ್ಲಿ ನಕ್ಕರು, ಎಲ್ಲಿ ಮೊಬೈಲ್ ನೋಡಿದರು, ಗಮನಿಸಿ. ಎರಡನೇ ಟೇಕಿನಲ್ಲಿ ಅದೇ ಮುಖ ಲೆನ್ಸ್ ಒಳಗಿದೆ ಅಂತ ಹೇಳಿ. ನಕ್ಕ ಶಬ್ದ ಮೈಕಿಗೆ ಬೀಳದ ಹಾಗೆ ಅವರ ಬಾಯಿಗೆ ಕರ್ಚೀಫ್ ಕೊಟ್ಟಿರಿ. ಕೈಯಲ್ಲಿ ಕ್ಯಾಮೆರಾ ಹಿಡಿದವರು ನಗು ತಡೆಯಲಾರದೆ ಫ್ರೇಮ್ ಅಲುಗಾಡಿಸಿ ಟೇಕ್ ಹಾಳು ಮಾಡಿದರೆ ಬೈಯಬೇಡಿ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ದನಿಯ ಬಗ್ಗೆ ಒಂದು ಮಾತು. ಕನ್ನಡ ಮಾತಾಡುವಾಗ ವಾಕ್ಯದ ಕೊನೆಗೆ ನಮ್ಮ ದನಿ ಇಳಿದುಹೋಗುತ್ತದೆ, ಯಾಕೆಂದರೆ ಅಲ್ಲಿ ಬಹಳ ಸಲ ಮುಖ್ಯವಲ್ಲದ ಕ್ರಿಯಾಪದ ಇರುತ್ತದೆ. ಈಗ ನೀವು ಕಷ್ಟಪಟ್ಟು ಪಂಚ್ ಪದವನ್ನು ಕೊನೆಗೆ ತಂದಿದ್ದೀರಿ. ಹಳೇ ಅಭ್ಯಾಸದಲ್ಲಿ ಅದನ್ನೂ ನುಂಗಿದರೆ ಪಟ್ಟ ಪಾಡೆಲ್ಲ ನೀರುಪಾಲು. ಕಿರುಚುವುದು ಬೇಡ, ಇಳಿಯಲು ಬಿಡದಿದ್ದರೆ ಸಾಕು. ಫ್ಯಾನ್, ಫ್ರಿಜ್ ಆಫ್ ಮಾಡಿಸಿ, ಕಾಲರ್ ಮೈಕ್ ಹಾಕಿಕೊಳ್ಳಿ. ಚಿತ್ರ ಸ್ವಲ್ಪ ಮಸುಕಾದರೂ ಕಾಮಿಡಿ ಬದುಕುತ್ತದೆ, ಕೊನೆಯ ಪದ ಕೇಳಿಸದಿದ್ದರೆ ಬದುಕುವುದಿಲ್ಲ. ಮೊಬೈಲಿನಲ್ಲಿ ಶೂಟ್ ಮಾಡುವುದಾದರೆ ಫ್ರೇಮ್ ರೇಟ್ 25ಕ್ಕೆ, ಶಟರ್ ಸ್ಪೀಡ್ 1/50ಕ್ಕೆ ಇಡಿ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ 30ರಲ್ಲಿ ಇಟ್ಟರೆ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕುವ ಸಾಧ್ಯತೆ ಜಾಸ್ತಿ.

ಶೂಟ್ ಮುಗಿದ ಮೇಲೆ ನೀವು ಎಲ್ಲಿ ಹೋಗುತ್ತೀರಿ? ಎಡಿಟ್ ಟೇಬಲ್ ಹತ್ತಿರ ಹೋಗುವುದಿಲ್ಲ ಅಂತ ನನ್ನ ಊಹೆ. ಹೋಗಿ. ಕಾಮಿಡಿಯ ಕೊನೇ ಡ್ರಾಫ್ಟ್ ಬರೆಯುವುದು ಅಲ್ಲಿಯೇ.

ಒಂದು ಸಲ ಹೀಗಾಯಿತು. ನಿವೃತ್ತ ಅಪ್ಪ, ಬಾಗಿಲಲ್ಲಿ ಕೊರಿಯರ್ ಹುಡುಗ. ಹುಡುಗ ಓಟಿಪಿ ಕೇಳುತ್ತಾನೆ. ಅಪ್ಪ ಕನ್ನಡಕ ಏರಿಸಿ ಮೆಸೇಜ್ ಓದುತ್ತಾರೆ. ‘ಯಾರಿಗೂ ಹೇಳಬೇಡಿ ಅಂತ ಇದರಲ್ಲೇ ಬರೆದಿದ್ದಾರಲ್ಲಪ್ಪಾ.’ ಇದಕ್ಕೆ ಹುಡುಗನ ಉತ್ತರವಾಗಿ ನಾನು ಒಂದು ಭಾರಿ ಡೈಲಾಗ್ ಬರೆದಿದ್ದೆ. ಅದಕ್ಕೆ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ರಾತ್ರಿ ಎರಡು ಗಂಟೆಗೆ ಎಡಿಟರ್ ಆ ಡೈಲಾಗನ್ನು ಎತ್ತಿ ಬಿಸಾಕಿದ. ಆ ಜಾಗದಲ್ಲಿ ಹುಡುಗನ ಮುಖ ಅಷ್ಟೇ, ಎರಡು ಸೆಕೆಂಡ್. ಅವನು ಡೈಲಾಗ್ ಶುರು ಮಾಡುವ ಮುಂಚೆ ಉಗುಳು ನುಂಗಿದ್ದ. ಆ ಉಗುಳು ನುಂಗಿದ್ದೇ ಜೋಕು. ನಾನು ಅರ್ಧ ಗಂಟೆ ಜಗಳವಾಡಿದೆ. ಬೆಳಿಗ್ಗೆ ಆಫೀಸಿಗೆ ತೋರಿಸಿದಾಗ ಎಲ್ಲರೂ ನಕ್ಕಿದ್ದು ಅಲ್ಲೇ. ಈಗ ನಾನು ಸ್ಕ್ರಿಪ್ಟಿನಲ್ಲೇ ‘ಹುಡುಗ ನೋಡುತ್ತಾನೆ’ ಅಂತ ಬರೆದು ಮುಂದೆ ಹೋಗುತ್ತೇನೆ. ಹೇಳಿದವನ ಮುಖಕ್ಕಿಂತ ಕೇಳಿಸಿಕೊಂಡವನ ಮುಖ ಜಾಸ್ತಿ ನಗಿಸುತ್ತದೆ.

ಪ್ರತಿ ಪಂಚಿಗೂ ‘ಟೊಂಯ್’ ಅಂತ ಶಬ್ದ, ಹಳೇ ಸಿನಿಮಾದ ತುಣುಕು ಹಾಕುವ ಎಡಿಟರ್ ಸಿಕ್ಕಿದರೆ ಪ್ರೀತಿಯಿಂದ ತಡೆಯಿರಿ. ನಗಬೇಕಾದ ಜಾಗ ಇದು ಅಂತ ಬೋರ್ಡ್ ಹಾಕಿದಂತೆ ಅದು. ಸಿನಿಮಾ ತುಣುಕಿಗೆ ಕಾಪಿರೈಟ್ ತೊಂದರೆಯೂ ಇದೆ. ಹಾಗೆಯೇ ‘ನಮಸ್ಕಾರ ಸ್ನೇಹಿತರೇ, ಇವತ್ತಿನ ವಿಡಿಯೊದಲ್ಲಿ...’ ಅನ್ನುವುದನ್ನೂ ಕತ್ತರಿಸಿ. ಅಷ್ಟರಲ್ಲಿ ಅವರ ಹೆಬ್ಬೆರಳು ಮುಂದಿನ ವಿಡಿಯೊಗೆ ಹೋಗಿರುತ್ತದೆ. 2024ರ ಅಕ್ಟೋಬರಿನಿಂದ ಯೂಟ್ಯೂಬ್ ಶಾರ್ಟ್ಸ್ ಮೂರು ನಿಮಿಷದವರೆಗೂ ಹೋಗಬಹುದು. ಹೋಗಬಹುದು ಅಂತ ಹೋಗಲೇಬೇಕಿಲ್ಲ.

ಹೆಸರಿನ ವಿಷಯ ಸ್ವಲ್ಪ ಗಂಭೀರವಾಗಿ ಹೇಳುತ್ತೇನೆ, ನಾನು ಪೆಟ್ಟು ತಿಂದಿದ್ದೇನೆ. ಒಂದು ಕಡೆ ಅರವತ್ತಕ್ಕೂ ಹೆಚ್ಚು ಎಪಿಸೋಡ್ ಬರೆದೆ. ಎಲ್ಲ ಬಾಯಿಮಾತಿನಲ್ಲಿ. ಟೈಟಲ್ಲಿನಲ್ಲಿ ಹೆಸರು ಬರುತ್ತದೆ ಅಂದರು, ಬರಲಿಲ್ಲ. ಆಮೇಲೆ ಬೇರೆ ಕಡೆ ಕೆಲಸ ಕೇಳಲು ಹೋದಾಗ ‘ನೀವೇ ಬರೆದಿದ್ದು ಅನ್ನೋಕೆ ಏನಿದೆ?’ ಅಂದರು. ಏನೂ ಇರಲಿಲ್ಲ.

1957ರ ಕಾಪಿರೈಟ್ ಕಾಯ್ದೆ ಪ್ರಕಾರ, ನೀವು ಸಂಬಳಕ್ಕಿದ್ದು ಕೆಲಸದ ಭಾಗವಾಗಿ ಬರೆದದ್ದರ ಮೊದಲ ಮಾಲೀಕರು ಕಂಪನಿಯವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ಆ ಸ್ಕ್ರಿಪ್ಟುಗಳನ್ನು ನಿಮ್ಮ ಚಾನೆಲ್ಲಿಗೆ ಎತ್ತಿಕೊಂಡು ಹೋಗುವ ಯೋಚನೆ ಇದ್ದರೆ ಬಿಡಿ. ಆದರೆ ಹಕ್ಕು ಬೇರೆಯವರ ಕೈಗೆ ಹೋದ ಮೇಲೂ ‘ಇದನ್ನು ಬರೆದವನು ನಾನು’ ಎನ್ನುವ ಹಕ್ಕು 57ನೇ ಸೆಕ್ಷನ್ ಪ್ರಕಾರ ಬರೆದವನಲ್ಲೇ ಉಳಿಯುತ್ತದೆ. ಕೋರ್ಟಿಗೆ ಹೋಗಿ ಅಂತಲ್ಲ. ಎಚ್‌ಆರ್‌ಗೆ ಎರಡು ಸಾಲಿನ ಇಮೇಲ್ ಹಾಕಿ, ವಿಡಿಯೊ ಕೆಳಗಿನ ವಿವರಣೆಯ ಜಾಗದಲ್ಲಾದರೂ ‘ಬರಹ ಮತ್ತು ನಿರೂಪಣೆ’ ಅಂತ ಹೆಸರು ಹಾಕಲು ಕೇಳಿ. ಕೇಳಿದರೆ ಬಹಳ ಜನ ಹಾಕುತ್ತಾರೆ. ಕೇಳುವವರೇ ಕಡಿಮೆ. ಮುಂದೆ ಯಾವತ್ತಾದರೂ ಫ್ರೀಲಾನ್ಸ್ ಆಗಿ ಬರೆದುಕೊಟ್ಟರೆ, ಹಕ್ಕು ಕೊಡುವ ಮಾತು ಬರಹದಲ್ಲೇ ಇರಬೇಕು. ಎಷ್ಟು ವರ್ಷಕ್ಕೆ ಅಂತ ಅದರಲ್ಲಿ ಹೇಳದೇ ಬಿಟ್ಟಿದ್ದರೆ ಕಾನೂನು ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ. ಯಾವ ಜಾಗಕ್ಕೆ ಅಂತ ಇಲ್ಲದಿದ್ದರೆ ಭಾರತಕ್ಕೆ ಮಾತ್ರ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ನಿನಲ್ಲಿ ಸದಸ್ಯರಾದರೆ ನಿಮ್ಮದೇ ಸ್ಕ್ರಿಪ್ಟುಗಳನ್ನು ಆನ್‌ಲೈನಿನಲ್ಲಿ ರಿಜಿಸ್ಟರ್ ಮಾಡಿಸಿಡಬಹುದು.

ಈಗ ಕೆಲಸ ಬಿಡುವ ಪ್ರಶ್ನೆ. ಇವತ್ತೇ ಬಿಡಬೇಡಿ.

ಯೂಟ್ಯೂಬಿನಲ್ಲಿ ಜಾಹೀರಾತಿನ ದುಡ್ಡು ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವಾಚ್ ಟೈಮ್, ಇಲ್ಲವೇ 90 ದಿನದಲ್ಲಿ ಶಾರ್ಟ್ಸಿಗೆ ಒಂದು ಕೋಟಿ ವ್ಯೂ ಬೇಕು. ಅದು ಆದ ಮೇಲೂ ಬರುವ ದುಡ್ಡಿನಲ್ಲಿ ಪಿಜಿ ಬಾಡಿಗೆ ಕಟ್ಟುವಷ್ಟಾಗಲು ಸಮಯ ಹಿಡಿಯುತ್ತದೆ. ನಿಜವಾದ ಆದಾಯ ಬ್ರ್ಯಾಂಡ್ ವಿಡಿಯೊಗಳಿಂದ. ಅಲ್ಲಿ ದುಡ್ಡು ತಗೊಂಡು ಮಾಡಿದ್ದಕ್ಕೆ ಜಾಹೀರಾತು ಅಂತ ಎದ್ದು ಕಾಣುವ ಹಾಗೆ ಹಾಕಬೇಕು. ಜಾಹೀರಾತು ಗುಣಮಟ್ಟ ಮಂಡಳಿ ಆಸ್ಕಿ 2021ರಲ್ಲೇ ಈ ನಿಯಮ ತಂದಿದೆ.

ಕನ್ನಡದಲ್ಲಿ ನಗಿಸಿದವರಲ್ಲಿ ಹೊಟ್ಟೆಪಾಡಿಗೆ ಬೇರೆ ಕೆಲಸ ಇಟ್ಟುಕೊಂಡವರೇ ಹೆಚ್ಚು. 1942ರಲ್ಲಿ ‘ಕೊರವಂಜಿ’ ಹಾಸ್ಯ ಪತ್ರಿಕೆ ಶುರು ಮಾಡಿದ ರಾಶಿ ಡಾಕ್ಟರಾಗಿದ್ದರು. ಬೆಳಿಗ್ಗೆ ರೋಗಿಗಳು, ಆಮೇಲೆ ನಗೆ. ಆರ್.ಕೆ. ಲಕ್ಷ್ಮಣ್ ಹೆಸರಾಗುವ ಮೊದಲೇ ಆ ಪತ್ರಿಕೆಗೆ ಚಿತ್ರ ಬರೆದಿದ್ದರು. ಹಾಸ್ಯ ಬರಹಗಾರ ಬೀchi ಅವರು ಪೊಲೀಸ್ ಇಲಾಖೆಯಲ್ಲಿದ್ದರು. ಪೊಲೀಸ್ ಇಲಾಖೆಯಲ್ಲಿ ಕೂತು ತಿಂಮ ಅನ್ನುವ ನಗೆಪಾತ್ರವನ್ನು ಕಟ್ಟಿದ ಮೇಲೆ ಆಫೀಸಿನಲ್ಲಿ ವಸ್ತು ಸಿಗಲ್ಲ ಅನ್ನುವ ನೆಪ ನಮಗಿಲ್ಲ. ಕೈಲಾಸಂ ಮಾತ್ರ ಭೂಗರ್ಭ ಇಲಾಖೆಯ ಕೆಲಸ ಬಿಟ್ಟರು. ಆದರೆ ಅವರು ಕೈಲಾಸಂ.

ಒಂದು ಲೆಕ್ಕ ಇಟ್ಟುಕೊಳ್ಳಿ. ಕಂಪನಿಗೆ ಸಂಬಂಧವಿಲ್ಲದ ನಿಮ್ಮದೇ ಇಪ್ಪತ್ತು ವಿಡಿಯೊ ಭಾನುವಾರಗಳಲ್ಲಿ ಮಾಡಿ. ಸೇರುವಾಗ ಸಹಿ ಹಾಕಿದ ಪತ್ರದಲ್ಲಿ ಹೊರಗೆ ಮಾಡಬಾರದು ಅಂತ ಇದೆಯೇ, ಮೊದಲು ನೋಡಿ. ಇಪ್ಪತ್ತು ಆದ ಮೇಲೂ ಇಪ್ಪತ್ತೊಂದನೆಯದು ಮಾಡುವ ಆಸೆ ಇದ್ದರೆ ಆಗ ಮಾತಾಡೋಣ. ಬಹಳ ಜನರ ಆಸೆ ಏಳನೆಯದಕ್ಕೇ ಮುಗಿದಿರುತ್ತದೆ.

ಇದರ ನಡುವೆ ಜನರ ಮುಂದೆ ನಿಲ್ಲುವ ಯಾವ ಅವಕಾಶವನ್ನೂ ಬಿಡಬೇಡಿ. ಕನ್ನಡ ಓಪನ್ ಮೈಕ್ ಬೆಂಗಳೂರಿನಲ್ಲಿ ನಡೆಯುತ್ತಿರುತ್ತವೆ. ಗಣೇಶನ ಪೆಂಡಾಲ್ ಇದೆ. ನವೆಂಬರ್ ಬಂದರೆ ಅಪಾರ್ಟ್‌ಮೆಂಟ್, ಸಾಫ್ಟ್‌ವೇರ್ ಕಂಪನಿ ಎಲ್ಲ ಕಡೆ ರಾಜ್ಯೋತ್ಸವ, ಎಲ್ಲರಿಗೂ ಚೆನ್ನಾಗಿ ಕನ್ನಡ ಮಾತಾಡುವ ನಿರೂಪಕರು ಬೇಕು. ಮೈಕ್ ಕೆಡುತ್ತದೆ, ಮುಖ್ಯ ಅತಿಥಿ ಒಂದು ಗಂಟೆ ತಡ, ಮಕ್ಕಳು ಸ್ಟೇಜ್ ಮೇಲೆ ಓಡಾಡುತ್ತಿರುತ್ತಾರೆ. ಆ ಒಂದು ಗಂಟೆ ಜನರನ್ನು ಕೂರಿಸಿದವರಿಗೆ ಕ್ಯಾಮೆರಾ ಲೆಕ್ಕಕ್ಕೇ ಇಲ್ಲ.

ಕೊನೆಗೆ ನೀವು ಕೇಳದ ಒಂದು ವಿಷಯ. ಯಾರ ಮೇಲೆ ಜೋಕು ಮಾಡಬಹುದು? ಮಾಸ್ಟರ್ ಹಿರಣ್ಣಯ್ಯ ದಶಕಗಟ್ಟಲೆ ಸ್ಟೇಜ್ ಮೇಲೆ ನಿಂತು ರಾಜಕಾರಣಿಗಳನ್ನು ಅವರ ಹೆಸರು ಹಿಡಿದೇ ಝಾಡಿಸಿದರು. ಕಾಲ ಈಗ ಹಾಗಿಲ್ಲ. ಸ್ಟ್ಯಾಂಡಪ್ ಕಾಮಿಡಿಯನ್ ಮುನವ್ವರ್ ಫಾರೂಕಿ 2021ರ ಜನವರಿಯಲ್ಲಿ ಇಂದೋರಿನಲ್ಲಿ ಜೈಲು ಸೇರಿದರು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅವರ ಶೋ ಪೊಲೀಸರ ಅನುಮತಿ ಸಿಗದೆ ನಿಂತುಹೋಯಿತು. ಮಾನಹಾನಿಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 356ನೇ ಸೆಕ್ಷನ್ ಇದೆ, ಧಾರ್ಮಿಕ ಭಾವನೆ ಕೆರಳಿಸಿದರು ಅನ್ನುವುದಕ್ಕೆ 299 ಇದೆ. ಹೆದರಿ ಬರೆಯಬೇಡಿ, ತಿಳಿದು ಬರೆಯಿರಿ. ಜಾತಿ, ಬಣ್ಣ, ಮೈಕಟ್ಟು ಇವುಗಳ ಮೇಲಿನ ಜೋಕನ್ನು ನಾನು ಕಾನೂನಿಗೆ ಹೆದರಿ ಬಿಟ್ಟಿದ್ದಲ್ಲ. ಅವು ತೀರಾ ಸುಲಭ, ಅದಕ್ಕೇ ಬಿಟ್ಟೆ.

ನಿಮ್ಮ ಸ್ಕ್ರಿಪ್ಟಿನ ಎರಡನೇ ಪುಟದಲ್ಲಿ ಅಜ್ಜಿ ಫೋನಿನಲ್ಲಿ ‘ಬೆಂಗಳೂರಾಗ ಊಟ ಏನು ಕೊಡ್ತಾರ?’ ಅಂತ ಕೇಳುವ ನಾಲ್ಕು ಸಾಲಿದೆಯಲ್ಲ, ಅದನ್ನು ಮುಟ್ಟಬೇಡಿ. ಇಡೀ ಸ್ಕ್ರಿಪ್ಟಿನಲ್ಲಿ ನೀವು ಟೈಪ್ ಮಾಡದೆ ಕೇಳಿಸಿಕೊಂಡು ಬರೆದಿದ್ದು ಅದೊಂದೇ. ವಿಡಿಯೊ ಅಲ್ಲಿಂದಲೇ ಶುರು ಮಾಡಿ, ಬೇಳೆ ಆಮೇಲೆ ಬರಲಿ. ಮತ್ತೆ ಆ ಓನರ್ ನಿಮ್ಮ ಈಗಿನ ಪಿಜಿಯವರೇ ಆಗಿದ್ದರೆ, ಅಪ್‌ಲೋಡ್ ಮಾಡುವ ಮುಂಚೆ ಅಡ್ವಾನ್ಸ್ ವಾಪಸ್ ತಗೊಂಡುಬಿಡಿ.